ನರಸಿಂಹಪ್ಪನವರ ಮೀನಿಗೆ ಮೂವರು ಕಾವಲು

ಬಸ್ಸಿನಲ್ಲಿ ಕೂತಿದ್ದ ಸ್ವಂತ ಹೆಂಡತಿಯನ್ನೇ ಟಿಕೆಟ್ ಕೇಳಿದ ಮನುಷ್ಯ ಎಂದು ನರಸಿಂಹಪ್ಪನವರಿಗೆ ಚಿಕ್ಕಬಳ್ಳಾಪುರದಲ್ಲಿ ಹೆಸರಿತ್ತು. ಹೆಸರೇನೂ ಸುಳ್ಳಲ್ಲ. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಕೆಲಸ ಅವರದು. ಮೇಲೂರಿನ ಹತ್ತಿರವೋ ಮಂಚೇನಹಳ್ಳಿಯ ತಿರುವಿನಲ್ಲೋ ಮರದ ಮರೆಗೆ ನಿಂತಿದ್ದು, ಬಸ್ಸು ಸಮೀಪಿಸಿದಾಗ ರಸ್ತೆಗೆ ಬಂದು ಕೈ ಅಡ್ಡ ಹಿಡಿಯುತ್ತಿದ್ದರು. ಹಾಗೆ ಒಂದು ದಿನ ಹತ್ತಿದ ಚಿಂತಾಮಣಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಹೆಂಡತಿ ಮಾಲಾ ಕೂತಿದ್ದರು. ಮಗಳ ಮನೆಗೆ ಹೊರಟಿದ್ದರು, ಮಡಿಲಲ್ಲಿ ಹುಣಸೆ ತೊಕ್ಕಿನ ಡಬ್ಬಿ.

"ಟಿಕೆಟ್ ತೋರಿಸಮ್ಮಾ," ಎಂದರು ನರಸಿಂಹಪ್ಪನವರು.

"ಬೆಳಿಗ್ಗೆ ಉಪ್ಪಿಟ್ಟು ಮಾಡಿ ಹಾಕಿದೋಳು ನಾನೇ ಕಣ್ರೀ."

"ಅದು ಮನೆ. ಇದು ಬಸ್ಸು."

ಹೆಂಗಸರಿಗೆ ಬಸ್ಸು ಉಚಿತವಾದ ಮೇಲಿನ ಮಾತಿದು. ಮಾಲಾ ಚೀಲವನ್ನೆಲ್ಲ ತಡಕಿ ಸೊನ್ನೆ ರೂಪಾಯಿಯ ಟಿಕೆಟ್ಟನ್ನು ತೆಗೆದುಕೊಟ್ಟರು. ನರಸಿಂಹಪ್ಪನವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಮೂಲೆಯಲ್ಲಿ ಗೀಟೆಳೆದು ವಾಪಸು ಕೊಟ್ಟರು. ಇಡೀ ಬಸ್ಸು ನಕ್ಕಿತು. ಅದರಲ್ಲಿ ನಗುವಂಥದ್ದೇನಿದೆ ಎಂದು ಅವರಿಗೆ ತಿಳಿಯಲಿಲ್ಲ.

ಯಾರನ್ನೂ ನಂಬದೆ ಇಷ್ಟು ವರ್ಷ ಸಂಬಳ ತೆಗೆದುಕೊಂಡ ಮೇಲೆ, ಆ ಅಭ್ಯಾಸ ಡ್ಯೂಟಿ ಮುಗಿದ ಕೂಡಲೇ ಸಮವಸ್ತ್ರದ ಜೊತೆ ಗೂಟಕ್ಕೆ ನೇತುಬೀಳುವುದಿಲ್ಲವಲ್ಲ. ಮನೆಗೆ ಬೀಗ ಹಾಕಿದರೆ ಒಮ್ಮೆ ಜಗ್ಗಿ ನೋಡುತ್ತಿದ್ದರು, ಬೀದಿಯ ಕೊನೆಯವರೆಗೆ ಹೋಗಿ ಹಿಂದಿರುಗಿ ಬಂದು ಮತ್ತೆ ಜಗ್ಗುತ್ತಿದ್ದರು. ಹಾಲಿನವನು ಹಾಲಿಗೆ ನೀರು ಬೆರೆಸುತ್ತಾನೆಂದು ಪ್ಯಾಕೆಟ್ ಹಾಲಿಗೆ ಬದಲಾಯಿಸಿ, ಆಮೇಲೆ ಪ್ಯಾಕೆಟ್ಟನ್ನೂ ಅನುಮಾನಿಸುತ್ತಿದ್ದರು.

ಅವರು ಯಾವ ತಪಾಸಣೆಯೂ ಇಲ್ಲದೆ ಒಪ್ಪಿಕೊಂಡಿದ್ದ ಜೀವಗಳೆಂದರೆ ಮನೆಯ ಹಜಾರದ ಗಾಜಿನ ತೊಟ್ಟಿಯಲ್ಲಿದ್ದ ಮೀನುಗಳು ಮಾತ್ರ. ಮಗಳು ಲಾವಣ್ಯ ಹೈಸ್ಕೂಲಿನಲ್ಲಿದ್ದಾಗ ಪ್ಲಾಸ್ಟಿಕ್ ಕವರಿನಲ್ಲಿ ಎರಡು ಮರಿ ತಂದಿದ್ದಳು. ಪರೀಕ್ಷೆ ಬಂತು, ಕಾಲೇಜು ಬಂತು, ಮದುವೆ ಬಂತು. ಅವಳು ಚಿಂತಾಮಣಿಯಲ್ಲಿ ಉಪನ್ಯಾಸಕಿಯಾಗಿ ಅಲ್ಲೇ ಸಂಸಾರ ಹೂಡಿದಳು. ಮೀನು ಅಪ್ಪನ ಪಾಲಿಗೆ ಉಳಿಯಿತು. ಚಿಕ್ಕ ತೊಟ್ಟಿ ಹೋಗಿ ದೊಡ್ಡದು ಬಂತು, ಗುಳುಗುಳು ಅನ್ನುವ ಯಂತ್ರ ಬಂತು, ಒಂದೆರಡು ಹೊಸ ಮೀನು ಬಂದವು. ಆದರೆ ಯಜಮಾನಿಕೆ ಮೊದಲಿನ ಎರಡರಲ್ಲಿ ಉಳಿದು ಎಲ್ಲಕ್ಕಿಂತ ಹಳಬನಾದ ಕಿತ್ತಳೆ ಬಣ್ಣದ ಗೋಲ್ಡ್‌ಫಿಶ್‌ನದೇ. ಅದಕ್ಕೆ ಲಾವಣ್ಯ ಇಟ್ಟಿದ್ದ ಹೆಸರು ಕೆಂಪಣ್ಣ.

ನರಸಿಂಹಪ್ಪನವರು ಹಜಾರಕ್ಕೆ ಕಾಲಿಟ್ಟರೆ ಸಾಕು, ಕೆಂಪಣ್ಣ ಗಾಜಿಗೆ ಮೂತಿ ಒತ್ತಿ ಬಾಯಿ ಬಾಯಿ ಬಿಡುತ್ತಿದ್ದ. "ನೋಡೇ, ನನ್ನ ನೋಡಿದ್ರೆ ಹೆಂಗೆ ಆಡ್ತಾನೆ," ಎಂದು ಇವರು ಒಂದು ಚಿಟಿಕೆ ಕಾಳು ಉದುರಿಸುತ್ತಿದ್ದರು. ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗ, ಬಂದಾಗ, ಊಟಕ್ಕೆ ಮುಂಚೆ, ಊಟವಾದ ಮೇಲೆ. ಕರೆಂಟಿನವನು ಮೀಟರ್ ನೋಡಲು ಬಂದರೂ ಕೆಂಪಣ್ಣ ಹೀಗೆಯೇ ಬಾಯಿ ಬಿಡುತ್ತಾನೆಂದು ಮಾಲಾ ಒಂದೆರಡು ಸಲ ಹೇಳಿದ್ದುಂಟು. ಅದನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಕೆಂಪಣ್ಣನಿಗೆ ಒಂದು ಕಾಯಿಲೆಯೂ ಇತ್ತು. ಎರಡು ವರ್ಷದಿಂದ ಅವನು ಒಂದು ಮಗ್ಗುಲಿಗೆ ವಾಲಿಕೊಂಡೇ ಈಜುತ್ತಿದ್ದ. ಹೊಟ್ಟೆ ಉಬ್ಬಿ, ಬಾಲ ಮೇಲಾಗಿ, ಜನ ತುಂಬಿದ ಬಸ್ಸು ಎಡಕ್ಕೆ ವಾಲಿದ ಹಾಗೆ. ನರಸಿಂಹಪ್ಪನವರು ನೀಲಿ ಔಷಧಿ ಹಾಕಿದರು, ಉಪ್ಪು ಹಾಕಿದರು, ನೀರು ಬದಲಿಸಿದರು. ಶಕ್ತಿ ಸಾಲದೆಂದು ಕಾಳನ್ನೂ ಸ್ವಲ್ಪ ಹೆಚ್ಚಿಸಿದರು.

ಈ ಮೀನಿನ ದೆಸೆಯಿಂದ ಅವರು ಊರು ಬಿಟ್ಟು ಎಲ್ಲೂ ತಂಗಿದವರಲ್ಲ. ನೆಂಟರ ಮದುವೆಗಳಿಗೆ ಮಾಲಾ ಹಿಂದಿನ ದಿನವೇ ಹೋದರೆ, ಇವರು ಧಾರೆಯ ಹೊತ್ತಿಗೆ ಬಂದು ಅಕ್ಷತೆ ಹಾಕಿ ಊಟ ಮುಗಿಸಿ ಹೊರಟುಬಿಡುವರು. ಆದ್ದರಿಂದ ಲಾವಣ್ಯ ಯಾರನ್ನೂ ಕೇಳದೆ ಅಪ್ಪ ಅಮ್ಮನಿಗೆಂದು ಅಂಡಮಾನಿಗೆ ವಿಮಾನದ ಟಿಕೆಟ್ ಮಾಡಿಸಿಬಿಟ್ಟಾಗ, ನರಸಿಂಹಪ್ಪನವರು ಮೊದಲು ತಿರುಗಿದ್ದು ತೊಟ್ಟಿಯ ಕಡೆಗೆ.

"ಮೀನು?" ಎಂದರು ನರಸಿಂಹಪ್ಪನವರು.

"ಅಲ್ಲಿ ಬೇಕಾದಷ್ಟಿವೆ," ಎಂದರು ಮಾಲಾ. "ನಾನು ಸಮುದ್ರ ನೋಡಿಲ್ಲ. ನೀವು ಬರ್ದಿದ್ರೆ ಬಿಡಿ, ನಾನು ಪಕ್ಕದ್ಮನೆ ಲಕ್ಷ್ಮಿದೇವಮ್ಮೋರ ಕರ್ಕೊಂಡು ಹೋಗ್ತೀನಿ."

ಹೆಂಡತಿಯ ದನಿ ಅವರಿಗೆ ಪರಿಚಯವಿತ್ತು. ಹೋಗುವುದೆಂದಾಯಿತು. ಉಳಿದದ್ದು ಮೀನಿನ ವ್ಯವಸ್ಥೆ.

ಮೊದಲು ಹೋದದ್ದು ಲಕ್ಷ್ಮಿದೇವಮ್ಮನವರ ಬಳಿಗೇ. ಮೇಲೂರಿನ ಕಡೆಯವರು, ತವರಿನಲ್ಲಿ ರೇಷ್ಮೆಹುಳು ಮೇಯಿಸಿ ಬೆಳೆದವರು, ಬಾಯಿ ಜೋರು, ಕೈ ದೊಡ್ಡದು. "ನಿಮ್ಮನ್ನ ಬಿಟ್ರೆ ನಾನು ಯಾರನ್ನೂ ನಂಬಲ್ಲಮ್ಮ. ಯಾರಿಗೂ ಹೇಳ್ಬೇಡಿ," ಎಂದು ಬೀಗದ ಕೈ ಕೊಟ್ಟರು. ಲಕ್ಷ್ಮಿದೇವಮ್ಮನವರಿಗೆ ಸಂತೋಷವಾಯಿತು. ಇಷ್ಟು ವರ್ಷ ಪಕ್ಕದಲ್ಲಿದ್ದರೂ ಆ ಮನೆಯಿಂದ ಇಂಥ ಮಾತು ಬಂದಿರಲಿಲ್ಲ.

ಮನೆಗೆ ಬಂದು ಕೂತ ಮೇಲೆ ಅನುಮಾನ ಶುರುವಾಯಿತು. ಆಕೆ ಮರೆತರೆ? ಮಗಳ ಮನೆಗೆ ಹೊರಟುಬಿಟ್ಟರೆ? ಎರಡನೆಯ ಬೀಗದ ಕೈ ಹಿಂದಿನ ಬೀದಿಯ ಗಂಗುಲಪ್ಪನಿಗೆ ಹೋಯಿತು. ಗೌರಿಬಿದನೂರಿನ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಹಿಂದೊಮ್ಮೆ ಯಾರೋ ಅಜ್ಜಿಗೆ ಟಿಕೆಟ್ ಕೊಡಲು ಮರೆತದ್ದಕ್ಕೆ ನರಸಿಂಹಪ್ಪನವರೇ ಅವನ ಮೇಲೆ ವರದಿ ಬರೆದು, ಕೆಲವು ದಿನ ಮನೆಯಲ್ಲಿ ಕೂರಿಸಿದ್ದರು. ಒಮ್ಮೆ ಸಿಕ್ಕಿಬಿದ್ದವನು ಮತ್ತೆ ತಪ್ಪು ಮಾಡಲಾರ ಎನ್ನುವುದು ಅವರ ಲೆಕ್ಕಾಚಾರ. "ನಿನ್ನ ಬಿಟ್ರೆ ನಾನು ಯಾರನ್ನೂ ನಂಬಲ್ಲಪ್ಪ, ಗಂಗುಲಪ್ಪ," ಎಂದಾಗ ಆ ಮನುಷ್ಯನ ಕಣ್ಣು ತುಂಬಿಬಂದವು. ಹಳೆಯದನ್ನೆಲ್ಲ ಸಾಹೇಬರು ಮನಸ್ಸಿನಿಂದ ತೆಗೆದುಹಾಕಿದ್ದಾರೆ ಎಂದುಕೊಂಡ.

ಮೂರನೆಯ ಕೈ ಶಿಡ್ಲಘಟ್ಟದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಭಾವಮೈದ ಮೋಹನ್‌ಬಾಬುವಿಗೆ. ಅವನಿಗೂ ಅದೇ ಮಾತು, ಅದೇ ಗುಟ್ಟು. ತೊಟ್ಟಿಯ ಎದುರಿಗೆ ಒಂದು ಪುಟ್ಟ ಕ್ಯಾಮೆರಾ ಕೂರಿಸಿ, ಮೊಬೈಲಿನಲ್ಲೇ ಮೀನು ಕಾಣುವ ಹಾಗೆ ಮಾಡಿಕೊಟ್ಟವನೂ ಅವನೇ. "ಭಾವ, ನೀವು ಅಲ್ಲಿ ಸಮುದ್ರದಲ್ಲಿ ಕಾಲಿಟ್ಕೊಂಡು ಇಲ್ಲಿ ಕೆಂಪಣ್ಣನ್ನ ನೋಡ್ಬೋದು, ಫುಲ್ ಎಚ್‌ಡಿ," ಎಂದ. ಮೂವರು ಇದ್ದ ಮೇಲೆ ಯಾರಾದರೂ ಒಬ್ಬರು ಹಾಕಿಯೇ ಹಾಕುತ್ತಾರೆ, ಹಾಕದಿದ್ದರೆ ಕ್ಯಾಮೆರಾದಲ್ಲಿ ಸಿಕ್ಕಿಬೀಳುತ್ತಾರೆ. ಇಷ್ಟು ಬಿಗಿಯಾದ ವ್ಯವಸ್ಥೆಯನ್ನು ತಾವು ಡಿಪೋದಲ್ಲೂ ಕಂಡಿಲ್ಲವೆಂದುಕೊಂಡು ನರಸಿಂಹಪ್ಪನವರು ವಿಮಾನ ಹತ್ತಿದರು.

ಅಂಡಮಾನಿನಲ್ಲಿ ಸಮುದ್ರ ಇತ್ತು, ನೆಟ್‌ವರ್ಕ್ ಇರಲಿಲ್ಲ. ಮಾಲಾ ಸೀರೆಯ ನೆರಿಗೆ ಎತ್ತಿ ಹಿಡಿದು ಅಲೆಗಳಲ್ಲಿ ನಿಂತು ಚಿಕ್ಕ ಹುಡುಗಿಯ ಹಾಗೆ ಕೂಗುತ್ತಿದ್ದರೆ, ಇವರು ತೆಂಗಿನಮರದ ಕೆಳಗೆ ಮೊಬೈಲನ್ನು ಆಕಾಶಕ್ಕೆ ಹಿಡಿದು ನಿಂತಿದ್ದರು. ಬಹಳ ಹೊತ್ತಿನ ಮೇಲೆ ಚಿತ್ರ ಬಂತು. ಕೆಂಪಣ್ಣ ವಾಲಿಕೊಂಡೇ ಇದ್ದಾನೆ, ಆದರೆ ಅಲುಗಾಡುತ್ತಿಲ್ಲ.

"ಮಾಲಾ! ಹೋದ ಕಣೇ! ಕೆಂಪಣ್ಣ ಹೋದ!"

ಮಾಲಾ ಒದ್ದೆ ಕಾಲಿನಲ್ಲೇ ಓಡಿಬಂದು ಮೊಬೈಲ್ ನೋಡಿದರು. "ಹಿಂದೆ ಗೋಡೆ ಮೇಲಿರೋ ಗಡಿಯಾರ ನೋಡ್ರೀ. ಅದರ ಮುಳ್ಳೂ ಅಲುಗಾಡ್ತಿಲ್ಲ. ಅದೂ ಹೋಯ್ತಾ?"

ಚಿತ್ರ ಸ್ತಬ್ಧವಾಗಿತ್ತು ಅಷ್ಟೆ. ಆದರೂ ಆ ದಿನ ಅವರಿಗೆ ಊಟ ರುಚಿಸಲಿಲ್ಲ. ಮರುದಿನ ಮಧ್ಯಾಹ್ನ ಮತ್ತೆ ಸಂಪರ್ಕ ಸಿಕ್ಕಿತು. ಈ ಸಲ ಕಂಡದ್ದು ಬರೀ ಗೋಡೆ. ಗೋಡೆಗೆ ಸಿಕ್ಕಿಸಿದ ಸಹಕಾರಿ ಬ್ಯಾಂಕಿನ ಕ್ಯಾಲೆಂಡರು. ಕ್ಯಾಮೆರಾ ತಾನಾಗಿ ತಿರುಗಿಕೊಂಡಿರಬೇಕು ಎಂದುಕೊಂಡರು. ಅಲ್ಲಿಂದ ಮುಂದೆ ರಜೆ ಮುಗಿಯುವವರೆಗೂ ನೆಟ್‌ವರ್ಕ್ ಸಿಕ್ಕಾಗಲೆಲ್ಲ ಆ ಕ್ಯಾಲೆಂಡರನ್ನೇ ನೋಡಿದರು. ದೋಣಿಯ ತಳಕ್ಕೆ ಗಾಜು ಹಾಕಿ ಸಮುದ್ರದೊಳಗಿನ ಮೀನು ತೋರಿಸುವ ಕಡೆಗೆ ಮಾಲಾ ಎಳೆದುಕೊಂಡು ಹೋದಾಗ, ಹಳದಿ, ನೀಲಿ, ಪಟ್ಟೆ ಪಟ್ಟೆಯ ಮೀನುಗಳು ಹಿಂಡುಹಿಂಡಾಗಿ ಕಾಲಡಿಯಲ್ಲಿ ಹಾದುಹೋದವು. ಉಳಿದವರೆಲ್ಲ ಫೋಟೊ ತೆಗೆಯುತ್ತಿದ್ದರು. ನರಸಿಂಹಪ್ಪನವರು ದೋಣಿಯವನನ್ನು ತಮ್ಮ ಹರಕು ಹಿಂದಿಯಲ್ಲಿ ಕೇಳಿದರು, ಇವಕ್ಕೆ ಯಾರು ಊಟ ಹಾಕುವುದು ಎಂದು. ಅವನು ಇವರ ಮುಖವನ್ನು ಸ್ವಲ್ಪ ಹೊತ್ತು ನೋಡಿ ಚುಕ್ಕಾಣಿಯ ಕಡೆ ತಿರುಗಿಕೊಂಡ.

ಫೋನ್ ಒಮ್ಮೊಮ್ಮೆ ತಗಲುತ್ತಿತ್ತು. ಲಕ್ಷ್ಮಿದೇವಮ್ಮನವರು, "ನೋಡ್ಕೊಳ್ಳೋರು ನೋಡ್ಕೊತಾವ್ರೆ ಬಿಡಿ," ಎಂದರು. ಗಂಗುಲಪ್ಪ, "ಅಲ್ಲಿ ಜನ ಅವ್ರೆ ಸಾರ್, ಏನೂ ಯೋಚ್ನೆ ಇಲ್ಲ," ಎಂದ. ಮೋಹನ್‌ಬಾಬು, "ನಿಮ್ಮ ಮೀನಿಗೇನು ಭಾವ, ರಾಜಯೋಗ," ಎಂದ. ಮೂವರ ದನಿಯಲ್ಲೂ ಏನೋ ಒಂದು ಒರಟುತನವಿತ್ತು, ನಿಜ. ಆದರೆ ಮೂರು ಹೇಳಿಕೆಗಳು ಒಂದಕ್ಕೊಂದು ತಾಳೆಯಾದರೆ ಅದು ಸತ್ಯ ಎನ್ನುವುದು ತನಿಖೆಯವರ ನಿಯಮ. ನರಸಿಂಹಪ್ಪನವರು ನಿಯಮವನ್ನು ನಂಬಿದರು.

ನಿಜವಾಗಿ ನಡೆದದ್ದು ಬೇರೆ. ಅದನ್ನು ಅವರು ಆಮೇಲೆ ಬಿಡಿಬಿಡಿಯಾಗಿ ಕೇಳಿ ಜೋಡಿಸಿಕೊಂಡರು.

ಅವರು ಹೊರಟ ದಿನ ಮೀನುಗಳಿಗೆ ಹಬ್ಬ. ಬೆಳಿಗ್ಗೆ ಲಕ್ಷ್ಮಿದೇವಮ್ಮನವರು ಬಂದು, ರೇಷ್ಮೆಹುಳಕ್ಕೆ ಸೊಪ್ಪು ಹಾಸುವ ಧಾರಾಳದಲ್ಲಿ ಹಿಡಿ ತುಂಬ ಕಾಳು ಸುರಿದು ಹೋದರು. ಮಧ್ಯಾಹ್ನ ಗಂಗುಲಪ್ಪ ಬಂದು ಭಕ್ತಿಯಿಂದ ಹಾಕಿದ. ಸಂಜೆ ಮೋಹನ್‌ಬಾಬು ಶಿಡ್ಲಘಟ್ಟದಿಂದ ಬೈಕಿನಲ್ಲಿ ಬಂದು ಹಾಕಿದ. ನೀರು ಗಂಜಿಯಂತಾಯಿತು. ಮರುದಿನ ಲಕ್ಷ್ಮಿದೇವಮ್ಮನವರು ಬರುವುದು ಸ್ವಲ್ಪ ತಡವಾಯಿತು, ಗಂಗುಲಪ್ಪ ಬೇಗ ಬಂದಿದ್ದ. ಬಾಗಿಲು ತೆರೆದಿದ್ದನ್ನು ನೋಡಿ ಆಕೆ ಜಗಲಿಯ ಪೊರಕೆ ಹಿಡಿದೇ ಒಳಗೆ ನುಗ್ಗಿದರು. ತೊಟ್ಟಿಯ ಮೇಲೆ ಬಾಗಿದ್ದ ಗಂಡಸಿನ ಬೆನ್ನು ಕಂಡಿತು.

"ಎವುರಯ್ಯಾ ನುವ್ವು? ಯಾರೋ ನೀನು, ಮೀನು ಕದಿಯೋಕೆ ಬಂದ್ಯೇನೋ?" ಗಾಬರಿಯಾದಾಗ ಆಕೆಗೆ ಮೊದಲು ತೆಲುಗೇ ಬರುವುದು.

"ಅಮ್ಮಾ, ಹೊಡೀಬೇಡಿ! ಸಾಹೇಬ್ರೇ ಬೀಗದ ಕೈ ಕೊಟ್ಟವ್ರೆ!"

"ಸುಳ್ಳು ಹೇಳ್ತೀಯಾ? ಕೈ ನನಗೆ ಕೊಟ್ಟವ್ರೆ. ನಿಮ್ಮನ್ನ ಬಿಟ್ರೆ ಯಾರನ್ನೂ ನಂಬಲ್ಲ ಅಂದವ್ರೆ."

ಗಂಗುಲಪ್ಪ ಎತ್ತಿದ ಕೈ ಇಳಿಸಿದ. "ನನಗೂ ಹಂಗೇ ಅಂದ್ರಮ್ಮಾ," ಎಂದ ಮೆಲ್ಲಗೆ.

ಇಬ್ಬರೂ ಒಬ್ಬರ ಕೈಯಲ್ಲಿದ್ದ ಬೀಗದ ಕೈಯನ್ನು ಇನ್ನೊಬ್ಬರು ನೋಡುತ್ತ ನಿಂತಿರುವಾಗಲೇ ಹೆಲ್ಮೆಟ್ ತೆಗೆಯುತ್ತ ಮೋಹನ್‌ಬಾಬು ಬಂದ. ಅಂದು ಅಂಗಡಿಗೆ ರಜೆ, ಬೆಳಿಗ್ಗೆಯೇ ಕೆಲಸ ಮುಗಿಸಿಬಿಡೋಣವೆಂದು ಬಂದಿದ್ದ. ಅವನ ಕೈಯಲ್ಲೂ ಒಂದಿತ್ತು. ಯಾರೂ ಏನೂ ಹೇಳಬೇಕಾಗಿಯೇ ಬರಲಿಲ್ಲ. ಗಂಗುಲಪ್ಪ ನೇರವಾಗಿ ಕ್ಯಾಮೆರಾದ ಹತ್ತಿರ ಹೋಗಿ ಅದನ್ನು ಗೋಡೆಯ ಕಡೆಗೆ ತಿರುಗಿಸಿದ. ಲಕ್ಷ್ಮಿದೇವಮ್ಮನವರು, "ಬನ್ನಿ, ಕಾಫಿ ಕುಡಿಯೋಣ. ನಮ್ಮನೇಲಿ ಯಾರೂ ಯಾರನ್ನೂ ಕಾಯಲ್ಲ," ಎಂದರು. ಮೂವರೂ ಅವರ ಜಗಲಿಯಲ್ಲಿ ಕೂತು ಕಾಫಿ ಕುಡಿದು ಎದ್ದರು. ಹೇಗೂ ಇನ್ನಿಬ್ಬರು ಇದ್ದಾರಲ್ಲ ಎಂದು ಪ್ರತಿಯೊಬ್ಬರೂ ಮನಸ್ಸಿನಲ್ಲೇ ಆ ಕೆಲಸಕ್ಕೆ ಕೈಮುಗಿದರು. ಅಂದಿನಿಂದ ಆ ಬೀಗವನ್ನು ಯಾರೂ ತೆಗೆಯಲಿಲ್ಲ.

ನರಸಿಂಹಪ್ಪನವರು ಹಿಂದಿರುಗಿದಾಗ ಬ್ಯಾಗನ್ನು ಹೊಸಿಲಲ್ಲೇ ಬಿಟ್ಟು ಹಜಾರಕ್ಕೆ ಓಡಿದರು. ನೀರು ತಿಳಿಯಾಗಿತ್ತು. ಗಾಜಿನ ಮೇಲೆ ಕಟ್ಟಿದ್ದ ಹಸಿರು ಪಾಚಿಯನ್ನು ಮೀನುಗಳು ಅಲ್ಲಲ್ಲಿ ನೆಕ್ಕಿ ಬಟ್ಟಬಯಲು ಮಾಡಿದ್ದವು. ಎಲ್ಲವೂ ಬದುಕಿದ್ದವು. ಕೆಂಪಣ್ಣ ಬಂದ. ನೆಟ್ಟಗೆ ಬಂದ. ಬೆನ್ನು ಮೇಲೆ, ಹೊಟ್ಟೆ ಕೆಳಗೆ, ದೇವರು ಮೀನನ್ನು ಹೇಗೆ ಮಾಡಿದ್ದಾನೋ ಹಾಗೆ. ಎರಡು ವರ್ಷದ ವಾಲಾಟ ಮಾಯವಾಗಿ, ಎಳೆಯ ಮರಿಯಂತೆ ಸರ್ರನೆ ತಿರುಗಿ ಹೋದ.

ನರಸಿಂಹಪ್ಪನವರು ತೊಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು. "ಮಾಲಾ, ಈ ಮೂವರ ಋಣ ಹೇಗೆ ತೀರಿಸೋದೇ? ನನ್ನ ಕೈಲಿ ಆಗದ್ದನ್ನ ಮಾಡವ್ರೆ."

ಅಂಡಮಾನಿನಿಂದ ತಂದಿದ್ದ ದೊಡ್ಡ ಶಂಖವನ್ನು ಹಿಡಿದು ಮೊದಲು ಪಕ್ಕದ ಮನೆಗೆ ಹೋದರು. ಲಕ್ಷ್ಮಿದೇವಮ್ಮನವರು ಅದನ್ನು ಮುಟ್ಟಲಿಲ್ಲ. "ಮಾಡಿದೋರಿಗೆ ಕೊಡಿ. ಆ ಕಂಡಕ್ಟರಪ್ಪನೇ ನೋಡ್ಕೊಂಡಿರ್ಬೇಕು. ನಾನು ಒಂದಿನ ಹಾಕಿದ್ದು ಅಷ್ಟೆ," ಎಂದರು. ಕಂಡಕ್ಟರ್ ಎನ್ನುವ ಮಾತು ಆಕೆಯ ಬಾಯಲ್ಲಿ ಬಂದ ಕೂಡಲೇ ನರಸಿಂಹಪ್ಪನವರ ಕಿವಿ ಬಿಸಿಯಾಯಿತು. ಗುಟ್ಟು ರಟ್ಟಾಗಿದೆ. ಮೋಹನ್‌ಬಾಬುವಿಗೆ ಫೋನ್ ಮಾಡಿದರು. "ಎರಡನೇ ದಿನಾನೇ ಕೈಬಿಟ್ಟೆ ಭಾವ. ಆ ಅಮ್ಮಾವ್ರು ಇದ್ರಲ್ಲ," ಎಂದ. ಉಳಿದದ್ದು ಗಂಗುಲಪ್ಪ. ಶಂಖ ಹಿಡಿದುಕೊಂಡೇ ಹಿಂದಿನ ಬೀದಿಗೆ ನಡೆದರು.

ಗಂಗುಲಪ್ಪ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ. ಎದ್ದು ನಿಂತ, ಕೂರಲು ಕುರ್ಚಿ ಕೊಟ್ಟ, ಶಂಖ ನೋಡಿ ತಲೆಯಾಡಿಸಿದ.

"ನಾನು ಹಾಕಿಲ್ಲ ಸಾರ್. ಅಮ್ಮಾವ್ರು ಹಾಕ್ತಾರೆ ಅನ್ಕೊಂಡೆ."

"ಹಂಗಾದ್ರೆ ಯಾರು ಹಾಕಿದ್ದು?"

ಗಂಗುಲಪ್ಪ ಒಂದು ಕಾಯಿ ಬಿಡಿಸಿದ, ಇನ್ನೊಂದು ಬಿಡಿಸಿದ. "ಯಾರೂ ಹಾಕಿಲ್ಲ ಅಂತ ಕಾಣ್ತದೆ ಸಾರ್."

ಆಮೇಲೆ ಗಂಗುಲಪ್ಪನೇ, ಸಿಟ್ಟಿಲ್ಲದೆ, ಬಸ್ಸಿನ ಹೊತ್ತು ಹೇಳುವವನಂತೆ ಹೇಳಿದ: "ಅವತ್ತು ನೀವು ಕೈ ಕೊಟ್ಟಾಗ ಮನೇಲಿ ಹೆಂಡ್ತಿಗೆ ಹೇಳ್ಕೊಂಡೆ ಸಾರ್. ಸಾಹೇಬ್ರು ನನ್ನ ನಂಬವ್ರೆ, ಬೇರೆ ಯಾರನ್ನೂ ಅಲ್ಲ, ನನ್ನ ಅಂತ. ಅವಳು ಪಾಯಸ ಮಾಡಿದ್ಲು."

ನರಸಿಂಹಪ್ಪನವರು ಶಂಖವನ್ನು ಅಲ್ಲೇ ಮೆಟ್ಟಿಲ ಮೇಲಿಟ್ಟು ಎದ್ದುಬಂದರು.

ಲಾವಣ್ಯ ಫೋನಿನಲ್ಲಿ ಎಲ್ಲವನ್ನೂ ಕೇಳಿ ನಕ್ಕು ನಕ್ಕು ಸುಸ್ತಾದಳು. "ಅಪ್ಪಾ, ಗೋಲ್ಡ್‌ಫಿಶ್ ಜಾಸ್ತಿ ತಿಂದ್ರೆನೇ ಹಂಗೆ ವಾಲೋದು. ನೆಟ್ಟಲ್ಲಿ ಮೊದಲನೇ ಸಾಲಲ್ಲೇ ಇದೆ. ಒಂದೆರಡು ದಿನ ಏನೂ ಹಾಕ್ಬೇಡಿ ಅಂತಾರೆ. ನಿಮ್ಮ ಮೂರು ಜನ ಎರಡನೇ ದಿನದಿಂದ ಒಂದು ಕಾಳೂ ಹಾಕಿಲ್ಲ." ಇವರು ಫೋನ್ ಇಟ್ಟರು. ಕೆಂಪಣ್ಣ ಗಾಜಿಗೆ ಮೂತಿ ಒತ್ತಿ ಬಾಯಿ ಬಾಯಿ ಬಿಡುತ್ತಿದ್ದ. ಅದೇ ಹೊತ್ತಿಗೆ ಗ್ಯಾಸ್ ಸಿಲಿಂಡರಿನವನು ಒಳಗೆ ಬಂದ. ಕೆಂಪಣ್ಣ ಅವನ ಕಡೆಗೂ ಅಷ್ಟೇ ಆಸೆಯಿಂದ ತಿರುಗಿ ಬಾಯಿ ಬಿಟ್ಟ. ನರಸಿಂಹಪ್ಪನವರು ನೋಡಿದರು. ಇಷ್ಟು ವರ್ಷ ಪ್ರಪಂಚದಲ್ಲಿ ತಮ್ಮ ದಾರಿಯನ್ನೇ ಕಾಯುವ ಜೀವ ಒಂದಿದೆ ಎಂದುಕೊಂಡಿದ್ದರು. ಅದನ್ನು ಮಾತ್ರ ತಪಾಸಣೆ ಮಾಡಿರಲಿಲ್ಲ.

ಡಿಪೋದಲ್ಲಿ ಮಾತ್ರ ಕಥೆ ಬೇರೆ ಬಗೆಯಲ್ಲಿ ಹಬ್ಬಿತು. ಹಬ್ಬಿಸಿದವರು ನರಸಿಂಹಪ್ಪನವರೇ. ಮೂರು ಹಂತದ ವ್ಯವಸ್ಥೆ ಮಾಡಿ ಹೋದದ್ದರಿಂದ ಕಾಯಿಲೆಯ ಮೀನು ಸಹ ಗುಣವಾಯಿತು ಎಂದು ಹೇಳಿಕೊಂಡರು. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದೇ ಅದರ ಸೊಗಸು. ಬೇಸಿಗೆ ರಜೆಗೆ ಹೊರಡುವ ಕ್ಲಾರ್ಕುಗಳು ತಮ್ಮ ಮನೆಯ ಮೀನು, ಗಿಳಿ, ತುಳಸಿ ಗಿಡಗಳಿಗೆ ಏನು ಏರ್ಪಾಡು ಮಾಡುವುದೆಂದು ಅವರನ್ನು ಬಂದು ಕೇಳತೊಡಗಿದರು. ನರಸಿಂಹಪ್ಪನವರು ಗಂಭೀರವಾಗಿ ಸಲಹೆ ಕೊಟ್ಟರು. ಕ್ಲಾರ್ಕ್ ಹೆಂಗಸೊಬ್ಬರ ತುಳಸಿ ಮೂವರು ಹಾಕಿದ ನೀರಿಗೆ ಕೊಳೆತುಹೋಯಿತೆಂದು ಆಮೇಲೆ ಸುದ್ದಿ ಬಂತು. ಆಕೆ ಜನರನ್ನು ಸರಿಯಾಗಿ ಆರಿಸಿಲ್ಲ ಎಂದರು ಇವರು.

ಇತ್ತ ಪಕ್ಕದ ಮನೆಯ ಜಗಲಿಯಲ್ಲಿ ಹೊಸ ಪದ್ಧತಿಯೊಂದು ಶುರುವಾಗಿತ್ತು. ಗಂಗುಲಪ್ಪ ಸಂಜೆ ತರಕಾರಿ ತರಲು ಹೋಗುವಾಗ ಅಲ್ಲಿ ನಿಲ್ಲುವನು. ಮೋಹನ್‌ಬಾಬು ಭಾನುವಾರ ಅಕ್ಕನನ್ನು ನೋಡುವ ನೆಪದಲ್ಲಿ ಬಂದು, ಅಕ್ಕನ ಮನೆಯ ಗೇಟು ದಾಟಿ ಆ ಜಗಲಿಗೇ ಹೋಗುವನು. ಕೆಲವು ದಿನಗಳಾದ ಮೇಲೆ ಮಾಲಾ ಸಹ ಹೋಗಿ ಕೂತರು. ನಗುವಿನ ಸದ್ದು ಕಾಂಪೌಂಡು ಹಾರಿ ಬರುತ್ತಿತ್ತು. ನರಸಿಂಹಪ್ಪನವರು ಹಜಾರದಲ್ಲಿ ಟಿವಿ ಹಾಕಿ, ದನಿ ತಗ್ಗಿಸಿ, ಅದನ್ನು ಕೇಳುತ್ತ ಕೂರುತ್ತಿದ್ದರು.

ಒಂದು ಭಾನುವಾರ ಟಿವಿ ಆರಿಸಿ ಹೊರಗೆ ಬಂದರು. ಪಕ್ಕದ ಗೇಟಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. ಜಗಲಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಏನು ಬೇಕಿತ್ತು?" ಎಂದರು ಲಕ್ಷ್ಮಿದೇವಮ್ಮನವರು.

"ಏನಿಲ್ಲ. ಸುಮ್ನೆ ಬಂದೆ."

ಸುಮ್ಮನೆ ಎಲ್ಲಿಗೂ ಹೋಗಿ ಅಭ್ಯಾಸವಿಲ್ಲದ ಮನುಷ್ಯ. ಗೇಟಿನ ಚಿಲಕವನ್ನು ಹಿಡಿದೇ ನಿಂತಿದ್ದರು. ಮಾಲಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು. ಕಡೆಗೆ ಗಂಗುಲಪ್ಪ ಬೆಂಚಿನ ಮೇಲೆ ಸ್ವಲ್ಪ ಸರಿದ. "ಬನ್ನಿ ಸಾರ್. ಜಾಗ ಅದೆ."

ನರಸಿಂಹಪ್ಪನವರು ಹೋಗಿ ಕೂತರು. ಕಾಫಿ ಬಂತು, ಸಕ್ಕರೆ ಹೆಚ್ಚಾಗಿತ್ತು, ಕುಡಿದರು. ಮಾತು ನಿಧಾನಕ್ಕೆ ರೇಷ್ಮೆಗೂಡಿನ ಮಾರುಕಟ್ಟೆಗೆ ಹೊರಳಿತು. ಅಲ್ಲಿಂದ ಮೋಹನ್‌ಬಾಬುವಿನ ಮಂಡಿ ನೋವಿಗೆ, ಅಲ್ಲಿಂದ ಸ್ಕಂದಗಿರಿ ಹತ್ತಲು ಬಂದು ದಾರಿ ತಪ್ಪಿದ ಯಾರೋ ಜೋಡಿಗೆ. ಇವರಿಗೆ ಹೇಳಲು ಏನೂ ತೋಚಲಿಲ್ಲ, ಆದರೆ ಎದ್ದೂ ಹೋಗಲಿಲ್ಲ. ಕತ್ತಲಾಗುವ ಹೊತ್ತಿಗೆ ಲಕ್ಷ್ಮಿದೇವಮ್ಮನವರು ಲೋಟ ಎತ್ತುತ್ತ, "ನಾಳಿದ್ದು ಗೌರಿಬಿದನೂರಿಗೆ ಹೋಗ್ಬೇಕು, ಬೆಳಿಗ್ಗೆ ಬಸ್ಸು ಎಷ್ಟೊತ್ತಿಗೆ?" ಎಂದು ಗಾಳಿಗೆ ಕೇಳಿದ ಹಾಗೆ ಕೇಳಿದರು. ಗಂಗುಲಪ್ಪ ಬಾಯಿ ತೆರೆದವನು, ಇವರ ಮುಖ ನೋಡಿ ಸುಮ್ಮನಾದ.

ನರಸಿಂಹಪ್ಪನವರು ಹೊತ್ತು ಹೇಳಿದರು. ಕಿಟಕಿಯ ಪಕ್ಕ ಬಿಸಿಲು ಬೀಳದ ಕಡೆ ಯಾವುದು ಎನ್ನುವುದನ್ನೂ ಹೇಳಿದರು. ಸ್ವಲ್ಪ ತಡೆದು, ಟಿಕೆಟ್ ತೆಗೆದುಕೊಳ್ಳುವುದನ್ನು ಮರೆಯಬಾರದೆಂದೂ ಸೇರಿಸಿದರು.